ಸೆಲ್ ಹಸಿರಾಯಿತು, ಕಿಣ್ವ ಏರಲಿಲ್ಲ: ಲೆಂಟಿವೈರಸ್‌ನಲ್ಲಿ ಜಿ6ಪಿಡಿ ಹಾಕಿದಾಗ ದೋಷ ಹುಡುಕುವುದು ಹೇಗೆ

ಹಾಸನ, ಚಿಕ್ಕಮಗಳೂರು ಕಡೆ ಸೆಲ್ ಕಲ್ಚರ್ (ಜೀವಕೋಶಗಳನ್ನು ಪ್ಲೇಟಿನಲ್ಲಿ ಬೆಳೆಸುವುದು) ಮಾಡುವ ಹುಡುಗರಿಂದ ನನಗೆ ಬರುವ ಫೋನಿನಲ್ಲಿ ಒಂದು ದೂರು ಮಾತ್ರ ತಪ್ಪುವುದಿಲ್ಲ. "ಅಕ್ಕ, ವೈರಸ್ ಹಾಕಿದೆ, ಸೆಲ್ ಎಲ್ಲಾ ಹಸಿರಾಗಿ ಹೊಳೀತಿವೆ. ಕಿಣ್ವ ಮಾತ್ರ ಏರಿಲ್ಲ." ವೈರಸ್ ಅಂದರೆ ಇಲ್ಲಿ ಲೆಂಟಿವೈರಸ್, ಬೇಕಾದ ಜೀನನ್ನು ಸೆಲ್ಲಿಗೆ ಹೊತ್ತೊಯ್ಯುವ ವಾಹನ. ಹಸಿರು ಬರುವುದು ಅದರ ಜೊತೆ ಹಾಕಿದ ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನಿನಿಂದ. ನಾನು ಬಾಯಿ ತೆಗೆಯುವ ಮುಂಚೆಯೇ ಮುಂದಿನ ಮಾತು: "ಪ್ರಮೋಟರ್ ಬದಲಾಯಿಸಿ ಹೊಸ ವೈರಸ್ ಮಾಡ್ಲಾ?"

ಬೇಡ ಮಾರಾಯ. ಪ್ರಮೋಟರ್ ಅಂದರೆ ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಂಡು, ಅದಕ್ಕೆ ಆಮೇಲೆ ಬರೋಣ. ತೋಟದ ಪಂಪ್ ನೀರು ಎತ್ತದಿದ್ದರೆ ಯಾರೂ ಮೊದಲೇ ಮೋಟಾರ್ ಬಿಚ್ಚುವುದಿಲ್ಲ. ಕರೆಂಟ್ ಇದೆಯಾ, ಸ್ಟಾರ್ಟರ್ ಹಿಡಿಯುತ್ತಾ, ಫುಟ್‌ವಾಲ್ವ್ ಕಚ್ಚಿದೆಯಾ ಅಂತ ನೋಡುತ್ತಾರೆ. ಹೊಸ ವೆಕ್ಟರ್, ಅಂದರೆ ಜೀನ್ ಹೊರುವ ವೈರಸ್, ಕಟ್ಟುವುದೆಂದರೆ ವಾರಗಟ್ಟಲೆ ಕೆಲಸ. ದೋಷ ಎಲ್ಲಿದೆ ಎಂದು ಗೊತ್ತಿಲ್ಲದೆ ಅದಕ್ಕೆ ಕೈ ಹಾಕಿದರೆ, ಹೊಸ ವೈರಸ್ ಕೂಡ ಹಳೆಯ ದೂರನ್ನೇ ಹೇಳುತ್ತದೆ.

ಉದಾಹರಣೆಗೆ ಜಿ6ಪಿಡಿ ಇಟ್ಟುಕೊಂಡಿದ್ದೇನೆ. ಪೂರ್ತಿ ಹೆಸರು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್. ಮಲೇರಿಯಾಕ್ಕೆ ಪ್ರಿಮಾಕ್ವಿನ್ ಕೊಡುವ ಮುಂಚೆ ಡಾಕ್ಟರು ವಿಚಾರಿಸುವ ಕಿಣ್ವ ಇದೇ. ಇದರ ಕೊರತೆ ಇದ್ದವರಿಗೆ ಆ ಮಾತ್ರೆ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಪ್ರೋಟೀನ್‌ನಲ್ಲಿ 515 ಅಮೈನೋ ಆಮ್ಲ, ತೂಕ ಸುಮಾರು 59 ಕಿಲೋಡಾಲ್ಟನ್. ಕೋಡಿಂಗ್ ಭಾಗ 1,548 ಬೇಸ್ ಅಷ್ಟೇ. ಲೆಂಟಿವೈರಸ್‌ಗೆ ಇದೊಂದು ಹೊರೆಯೇ ಅಲ್ಲ. ಎಎವಿ ಎಂಬ ಇನ್ನೊಂದು ಚಿಕ್ಕ ವೈರಸ್ ವೆಕ್ಟರಿನ ಒಟ್ಟು ಮಿತಿ ಸುಮಾರು 4.7 ಕಿಲೋಬೇಸ್, ಅದರಲ್ಲೂ ಆರಾಮಾಗಿ ಹಿಡಿಸುತ್ತದೆ. ಹಾಗಾಗಿ "ಜೀನ್ ದೊಡ್ಡದಾಯಿತೇನೋ" ಎನ್ನುವ ಅನುಮಾನ ಇಲ್ಲಿ ಪಕ್ಕಕ್ಕಿಡಬಹುದು.

ಶುರು ಮಾಡುವ ಮುಂಚೆ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಸೆಲ್ಲಿನೊಳಗೆ ಒಮ್ಮೆ ಹೋಗಿ, ಅಲ್ಲಿಂದ ಮುಂದೆ ತಾನಾಗಿ ಹೆಚ್ಚಿಕೊಳ್ಳಲಾಗದ ವೆಕ್ಟರ್ ಬಗ್ಗೆ. ಅದಕ್ಕೂ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಸೌಕರ್ಯ ಬೇಕು. ಮನುಷ್ಯರ ಸೆಲ್ಲಿಗೆ ಹೊಕ್ಕುವ ವೈರಸ್ ಇದು. ಖಾಲಿ ವೆಕ್ಟರ್ (ಜಿ6ಪಿಡಿ ಇಲ್ಲದೆ ಹೋಲಿಕೆಗೆ ಇಡುವುದು) ಆದರೂ ಗ್ಲೌಸ್ ಇಲ್ಲದೆ ಮುಟ್ಟುವ ಹಾಗಿಲ್ಲ.

ಹಸಿರು ಯಾರ ಸಾಕ್ಷಿ?

ಮೊದಲ ಪ್ರಶ್ನೆ ಇದು. ನಿಮ್ಮ ವೆಕ್ಟರ್ ನಕ್ಷೆ ತೆಗೆದು ನೋಡಿ. ಜಿಎಫ್‌ಪಿಗೂ ಜಿ6ಪಿಡಿಗೂ ಬೇರೆ ಬೇರೆ ಪ್ರಮೋಟರ್ ಇದೆಯಾ? ಹಾಗಿದ್ದರೆ ಹಸಿರು ಬಣ್ಣ ವೈರಸ್ ಒಳಗೆ ಹೋಗಿದೆ ಎನ್ನುವುದಕ್ಕೆ ಮಾತ್ರ ಸಾಕ್ಷಿ. ಪಕ್ಕದ ಜೀನ್ ಕೆಲಸ ಮಾಡುತ್ತಿದೆಯೋ ಇಲ್ಲವೋ, ಅದಕ್ಕೆ ಏನೂ ಗೊತ್ತಿಲ್ಲ. ನಡುವೆ ಐಆರ್‌ಇಎಸ್ (ಒಂದೇ ಆರ್‌ಎನ್‌ಎಯಿಂದ ಎರಡನೇ ಪ್ರೋಟೀನನ್ನೂ ಓದಿಸುವ ತುಂಡು) ಇದ್ದರೆ ಎರಡೂ ಒಂದೇ ಆರ್‌ಎನ್‌ಎ ಮೇಲೆ ಬರುತ್ತವೆ, ಆದರೆ ಐಆರ್‌ಇಎಸ್ ಆದ ಮೇಲಿರುವ ಜೀನಿನ ಪ್ರೋಟೀನ್ ಸಾಮಾನ್ಯವಾಗಿ ಕಡಿಮೆ. ಜಿ6ಪಿಡಿಯನ್ನು ಆ ಎರಡನೇ ಜಾಗದಲ್ಲಿ ಕೂರಿಸಿದ್ದರೆ, ಜಿಎಫ್‌ಪಿ ಜೋರಾಗಿ ಹೊಳೆದರೂ ಕಿಣ್ವ ಮಂಕಾಗಿಯೇ ಇರುತ್ತದೆ.

ಇನ್ನೊಂದು, ಮೊದಲ ಎರಡು ದಿನದ ಹಸಿರನ್ನು ನಂಬಬೇಡಿ. ವೈರಸ್ ತಯಾರಿಸುವಾಗ ಪ್ಯಾಕೇಜಿಂಗ್ ಸೆಲ್‌ಗಳಿಂದ (ವೈರಸ್ ಕಟ್ಟಿಕೊಡುವ ಸೆಲ್‌ಗಳು) ಸೋರಿದ ಜಿಎಫ್‌ಪಿ ಪ್ರೋಟೀನೂ, ಉಳಿದುಹೋದ ಪ್ಲಾಸ್ಮಿಡ್ಡೂ (ಜೀನ್ ಇಟ್ಟ ಡಿಎನ್‌ಎ ಉಂಗುರ) ವೈರಸ್ ಜೊತೆಗೇ ಬರುತ್ತವೆ. ಅವೂ ಸೆಲ್ಲನ್ನು ಸ್ವಲ್ಪ ಹಸಿರು ಮಾಡುತ್ತವೆ. ಎರಡು ಮೂರು ಸಲ ಪ್ಯಾಸೇಜ್ ಮಾಡಿದ (ಬೆಳೆದ ಸೆಲ್ಲನ್ನು ಹೊಸ ಪ್ಲೇಟಿಗೆ ಹಂಚಿದ) ಮೇಲೂ ಉಳಿಯುವ ಹಸಿರೇ ನಿಜವಾದ ಹಸಿರು.

ನಡುವಿನಿಂದ ಶುರು ಮಾಡಿ

ಸರಪಳಿ ಹೀಗಿದೆ: ಪ್ಲಾಸ್ಮಿಡ್, ವೈರಸ್, ಸೆಲ್ಲಿನೊಳಗೆ ಹೋಗುವುದು, ಕ್ರೋಮೋಸೋಮಿಗೆ ಸೇರುವುದು, ಆರ್‌ಎನ್‌ಎ, ಪ್ರೋಟೀನ್, ಕೊನೆಗೆ ಕಿಣ್ವದ ಚಟುವಟಿಕೆ. ತುದಿಯಿಂದ ಒಂದೊಂದೇ ನೋಡುತ್ತಾ ಹೋದರೆ ತಿಂಗಳು ಕಳೆಯುತ್ತದೆ. ನಾನು ಹೇಳುವುದು ಪ್ರೋಟೀನ್ ಹತ್ತಿರ ಕೈ ಹಾಕಿ ಅಂತ. ಒಂದು ವೆಸ್ಟರ್ನ್ ಬ್ಲಾಟ್ ಓಡಿಸಿ, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬಿಡಿಸಿ, ಬೇಕಾದ್ದನ್ನು ಆಂಟಿಬಾಡಿಯಿಂದ ಗುರುತಿಸಿ. ಬ್ಯಾಂಡ್ ಬಂದರೆ ಅದರ ಹಿಂದಿನ ಐದು ಮೆಟ್ಟಿಲೂ ನಿರಪರಾಧಿಗಳು. ಬರಲಿಲ್ಲ ಅಂದರೆ ಕಿಣ್ವದ ಅಳತೆಯ ಬಗ್ಗೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದೇ ಬ್ಲಾಟಿನಲ್ಲಿ ಅರ್ಧ ದಾರಿ ಕಳೆಯುತ್ತದೆ.

ಆದರೆ ಜಿ6ಪಿಡಿ ವಿಷಯದಲ್ಲಿ ಒಂದು ತೊಡಕಿದೆ. ಈ ಕಿಣ್ವ ಎಲ್ಲ ಸೆಲ್ಲಿನಲ್ಲೂ ಮೊದಲೇ ಇರುತ್ತದೆ. ಜಿ6ಪಿಡಿ ಆಂಟಿಬಾಡಿ ಹಾಕಿದರೆ ಖಾಲಿ ವೆಕ್ಟರ್ ಲೇನಿನಲ್ಲೂ 59ರ ಹತ್ತಿರ ಬ್ಯಾಂಡ್ ಕಾಣುತ್ತದೆ. ಗುರುತಿಗೆಂದು ಪ್ರೋಟೀನಿಗೆ ಜೋಡಿಸುವ ಫ್ಲ್ಯಾಗ್ ಟ್ಯಾಗ್ ಎಂಬ ಸಣ್ಣ ತುಂಡು ಇದ್ದರೂ ಅದರಿಂದ ಸೇರುವ ತೂಕ ಒಂದು ಕಿಲೋಡಾಲ್ಟನ್ ಆಸುಪಾಸು. ಮಾಮೂಲಿ ಜೆಲ್‌ನಲ್ಲಿ ಎರಡೂ ಒಂದರ ಮೇಲೊಂದು ಕೂರುತ್ತವೆ. ಆದ್ದರಿಂದ ಟ್ಯಾಗ್ ಆಂಟಿಬಾಡಿಯಿಂದ ಒಂದು ಬ್ಲಾಟ್, ಜಿ6ಪಿಡಿ ಆಂಟಿಬಾಡಿಯಿಂದ ಇನ್ನೊಂದು. ಮೊದಲನೆಯದು ನಿಮ್ಮ ಜೀನ್ ಬಂತಾ ಎಂದು ಹೇಳುತ್ತದೆ, ಎರಡನೆಯದು ಸೆಲ್ಲಿನ ಸ್ವಂತದ್ದಕ್ಕಿಂತ ಎಷ್ಟು ಜಾಸ್ತಿ ಎಂದು. ಎಷ್ಟೋ ಕ್ಯಾನ್ಸರ್ ಸೆಲ್ ಲೈನ್‌ಗಳಲ್ಲಿ ಸ್ವಂತದ್ದೇ ಜಾಸ್ತಿ ಇರುತ್ತದೆ. ಅಂಥ ಸೆಲ್ಲಿನಲ್ಲಿ ನೀವು ಹಾಕಿದ್ದು ಬಂದಿದ್ದರೂ ಒಟ್ಟು ಲೆಕ್ಕದಲ್ಲಿ ಮುಳುಗಿಹೋಗುತ್ತದೆ.

ಬ್ಯಾಂಡ್ ಇದೆ, ಚಟುವಟಿಕೆ ಏರಿಲ್ಲ

ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ. ಇಂಥ ಕಡೆ ವೈರಸ್‌ದು ಏನೂ ತಪ್ಪಿರುವುದಿಲ್ಲ, ಅಳತೆ ಕೈಕೊಟ್ಟಿರುತ್ತದೆ.

ಜಿ6ಪಿಡಿ ಗ್ಲೂಕೋಸ್-6-ಫಾಸ್ಫೇಟನ್ನು ಬದಲಾಯಿಸುವಾಗ ಎನ್‌ಎಡಿಪಿ ಎಂಬ ಸಹಾಯಕ ಅಣುವನ್ನು ಎನ್‌ಎಡಿಪಿಎಚ್ ಮಾಡುತ್ತದೆ. ಅದರ ಕೆಲಸ ನಮಗೆ ಕಾಣುವುದು ಈ ಎನ್‌ಎಡಿಪಿಎಚ್ ಮೂಲಕ. ಅದು 340 ನ್ಯಾನೋಮೀಟರಿನಲ್ಲಿ ಬೆಳಕು ಹೀರುತ್ತದೆ. ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಅಳತೆಯ ಪುಟ್ಟ ಪಾತ್ರೆ) ಒಂದು ಮಿಲಿಮೋಲಾರ್‌ಗೆ 6.22 ಅಬ್ಸಾರ್ಬೆನ್ಸ್. ಸ್ಪೆಕ್ಟ್ರೋಫೋಟೋಮೀಟರ್ ಪರದೆಯ ಮೇಲೆ ಗೆರೆ ಓರೆಯಾಗಿ ಏರುತ್ತಾ ಹೋಗಬೇಕು. ಆ ಓರೆಯೇ ನಿಮ್ಮ ಉತ್ತರ.

ಈಗ ಇಂಥ ಒಂದು ಚಿತ್ರ ಕಲ್ಪಿಸಿಕೊಳ್ಳಿ. ಖಾಲಿ ವೆಕ್ಟರ್ ಸ್ಯಾಂಪಲ್ಲಿನ ಗೆರೆ ಚೆನ್ನಾಗಿ ಏರುತ್ತಿದೆ. ಜಿ6ಪಿಡಿ ಹಾಕಿದ ಸ್ಯಾಂಪಲ್ಲಿನದು ಮೊದಲ ರೀಡಿಂಗಿನಲ್ಲೇ ಮೇಲಿದೆ, ಅಲ್ಲಿಂದ ಮುಂದೆ ಚಪ್ಪಟೆ. ಸಾಫ್ಟ್‌ವೇರ್ ಓರೆ ಲೆಕ್ಕ ಹಾಕಿ "ಚಟುವಟಿಕೆ ಕಡಿಮೆ" ಎಂದು ಬರೆಯುತ್ತದೆ. ನಡೆದದ್ದು ಅದರ ಉಲ್ಟಾ. ಕಿಣ್ವ ಎಷ್ಟು ಜಾಸ್ತಿ ಇತ್ತೆಂದರೆ, ನೀವು ಮುಚ್ಚಳ ಮುಚ್ಚಿ ಬಟನ್ ಒತ್ತುವಷ್ಟರಲ್ಲಿ ಎನ್‌ಎಡಿಪಿ ಖಾಲಿ. ಲೈಸೇಟನ್ನು (ಸೆಲ್ ಒಡೆದು ತೆಗೆದ ದ್ರವ) ಹತ್ತು ಪಟ್ಟು, ಐವತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ತೆಳು ಮಾಡಿದಷ್ಟೂ ಓರೆ ಅದೇ ಲೆಕ್ಕದಲ್ಲಿ ಇಳಿಯಬೇಕು. ಇಳಿಯದೆ ಏರಿದರೆ ನಿಮ್ಮ ದೋಷ ಸಿಕ್ಕಿತು. ಕೊನೆಯ ರೀಡಿಂಗ್ ಒಂದನ್ನೇ ಬರೆದುಕೊಳ್ಳುವ ಅಭ್ಯಾಸ ಇದ್ದವರಿಗೆ ಇದು ಎಂದೂ ಕಾಣುವುದಿಲ್ಲ.

ಎರಡನೆಯದು, 6ಪಿಜಿಡಿ ಎನ್ನುವ ಪಕ್ಕದ ಮನೆಯ ಕಿಣ್ವ. ಜಿ6ಪಿಡಿ ಮಾಡಿದ ಲ್ಯಾಕ್ಟೋನ್ 6-ಫಾಸ್ಫೋಗ್ಲೂಕೋನೇಟ್ ಆಗುತ್ತದೆ. ಅದನ್ನು ಹಿಡಿದು 6ಪಿಜಿಡಿ ಇನ್ನೊಂದು ಎನ್‌ಎಡಿಪಿಎಚ್ ಮಾಡುತ್ತದೆ. ನೀವು ಅಳೆಯುತ್ತಿರುವುದು ಇಬ್ಬರ ಸಂಪಾದನೆ. ಖಾಲಿ ವೆಕ್ಟರ್‌ನಲ್ಲಿ ಒಟ್ಟು 100 ಬಂತು, ಅದರಲ್ಲಿ 40 ಆ ಪಕ್ಕದವನದ್ದು ಅಂದುಕೊಳ್ಳಿ. ನಿಮ್ಮ ಜೀನ್‌ನಿಂದ ಜಿ6ಪಿಡಿ 60ರಿಂದ 120ಕ್ಕೆ ಏರಿತು. ಒಟ್ಟು ಈಗ 160. ನಿಜಕ್ಕೂ ದುಪ್ಪಟ್ಟಾಗಿದೆ, ಕಾಗದದ ಮೇಲೆ 1.6 ಪಟ್ಟು. ಇದಕ್ಕೆ ಹಳೆಯ ಉಪಾಯವೇ ಸರಿ: ಒಂದು ಕ್ಯುವೆಟ್‌ಗೆ ಗ್ಲೂಕೋಸ್-6-ಫಾಸ್ಫೇಟ್, 6-ಫಾಸ್ಫೋಗ್ಲೂಕೋನೇಟ್ ಎರಡನ್ನೂ ಹಾಕಿ. ಇನ್ನೊಂದಕ್ಕೆ ಎರಡನೆಯದು ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಜಿ6ಪಿಡಿ.

ಮೂರನೆಯದು ಸ್ಯಾಂಪಲ್ ಇಟ್ಟ ರೀತಿ. ಜಿ6ಪಿಡಿ ಎರಡು ಅಥವಾ ನಾಲ್ಕು ಸೇರಿ ನಿಂತರೆ ಮಾತ್ರ ಕೆಲಸ ಮಾಡುವ ಕಿಣ್ವ. ಹಾಗೆ ನಿಲ್ಲಲು ಅದಕ್ಕೆ ಎನ್‌ಎಡಿಪಿ ಆಸರೆ ಬೇಕು. ಸಾದಾ ಬಫರ್‌ನಲ್ಲಿ ಲೈಸೇಟ್ ಮಾಡಿ, ಫ್ರೀಜರ್‌ನಲ್ಲಿಟ್ಟು, ಕರಗಿಸಿ, ಮತ್ತೆ ಇಟ್ಟು, ಸೋಮವಾರ ಅಳೆದರೆ ಬ್ಯಾಂಡ್ ಅಷ್ಟೇ ಇರುತ್ತದೆ, ಚಟುವಟಿಕೆ ಸೊರಗಿರುತ್ತದೆ. ಲೈಸಿಸ್ ಬಫರಿಗೆ 10 ಮೈಕ್ರೋಮೋಲಾರ್ ಎನ್‌ಎಡಿಪಿ, ಸ್ವಲ್ಪ ಇಡಿಟಿಎ, ಬೀಟಾ-ಮರ್ಕ್ಯಾಪ್ಟೋಎಥನಾಲ್ ಹಾಕಿ, ಅದೇ ದಿನ ಅಳೆಯಿರಿ.

ಬಿಸಿಯ ವಿಷಯ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಬಿಸಿ ಹಿಡಿದಿಡುವ ಹೋಲ್ಡರ್ ಇಲ್ಲದ ಸ್ಪೆಕ್ಟ್ರೋಫೋಟೋಮೀಟರ್ ಎಷ್ಟೋ ಲ್ಯಾಬಿನಲ್ಲಿದೆ. ಡಿಸೆಂಬರಿನ ಬೆಳಗ್ಗೆ ಹಾಸನದ ಲ್ಯಾಬಿನಲ್ಲಿ ಅಳೆದ ಖಾಲಿ ವೆಕ್ಟರನ್ನು ಏಪ್ರಿಲ್ ಮಧ್ಯಾಹ್ನ ಅಳೆದ ಸ್ಯಾಂಪಲ್ಲಿಗೆ ಹೋಲಿಸಬೇಡಿ. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದ ಜುಲೈಗೂ ಇದೇ ಮಾತು. ಎರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಓಟದಲ್ಲಿ ಅಳೆಯಿರಿ. 96 ಬಾವಿಯ (ಪುಟ್ಟ ಗುಳಿಯ) ಪ್ಲೇಟಿನಲ್ಲಿ ಅಳೆಯುವವರು ಇನ್ನೊಂದು ನೆನಪಿಡಿ. ಅಲ್ಲಿ ಬೆಳಕಿನ ದಾರಿ ಒಂದು ಸೆಂಟಿಮೀಟರ್ ಇರುವುದಿಲ್ಲ. 6.22ನ್ನು ಹಾಗೇ ಹಾಕಿದರೆ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಚಟುವಟಿಕೆ ಇಲ್ಲ ಎಂದರೆ ಆಗ ಕ್ಲೋನ್ (ನೀವು ವೆಕ್ಟರಿಗೆ ಹಾಕಿದ ಜೀನಿನ ಪ್ರತಿ) ಮೇಲೆ ಕಣ್ಣು ಹಾಯಿಸಿ. ಸೀಕ್ವೆನ್ಸ್ ಬಂದಾಗ 1311ನೇ ಜಾಗದಲ್ಲಿ ಸಿ ಬದಲು ಟಿ ಕಂಡು ಹೆದರುವವರಿದ್ದಾರೆ. ಅದು ತುಂಬಾ ಜನರಲ್ಲಿರುವ ಬದಲಾವಣೆ, ಅಮೈನೋ ಆಮ್ಲ ಬದಲಾಗುವುದಿಲ್ಲ. ಬಿಟ್ಟುಬಿಡಿ. ಹೆದರಬೇಕಾದದ್ದು 563ರಲ್ಲಿ ಸಿ ಹೋಗಿ ಟಿ ಬಂದಿದ್ದರೆ. ಅದು ಮೆಡಿಟರೇನಿಯನ್ ಎಂಬ ಹೆಸರಿನ ಕೊರತೆಯ ರೂಪ, ಸೆರಿನ್ ಇರಬೇಕಾದ ಕಡೆ ಫಿನೈಲಾಲನಿನ್ ಕೂರುತ್ತದೆ. ಭಾರತದಲ್ಲಿ ಇದೂ ಇದೆ, ಒರಿಸ್ಸಾ, ಕೇರಳ-ಕಲ್ಯಾಣ್ ಎಂಬ ರೂಪಗಳೂ ಇವೆ. ಯಾರದೋ ರಕ್ತದ ಆರ್‌ಎನ್‌ಎಯಿಂದ ಜೀನ್ ಎತ್ತಿದ್ದರೆ ಈ ನಾಲ್ಕೈದು ಜಾಗ ನೋಡದೆ ಮುಂದೆ ಹೋಗಬೇಡಿ.

ಟ್ಯಾಗ್ ಯಾವ ತುದಿಯಲ್ಲಿದೆ ಎನ್ನುವುದೂ ಮುಖ್ಯ. ಆಸರೆಯ ಎನ್‌ಎಡಿಪಿ ಕೂರುವ ಜಾಗ ಇರುವುದು ಪ್ರೋಟೀನಿನ ಸಿ ತುದಿಯ (ಕೊನೆಯ ತುದಿ; ಎನ್ ಅಂದರೆ ಶುರುವಿನ ತುದಿ) ಕಡೆಯ ಭಾಗದಲ್ಲಿ. ನಾನಾದರೆ ಟ್ಯಾಗನ್ನು ಎನ್ ತುದಿಗೇ ಹಾಕುತ್ತೇನೆ. ಪಿ2ಎ (ಒಟ್ಟಿಗೆ ತಯಾರಾಗುವ ಎರಡು ಪ್ರೋಟೀನನ್ನು ಬೇರೆ ಮಾಡುವ ತುಂಡು) ಬಳಸುವವರು ಒಂದು ಗಮನಿಸುವುದಿಲ್ಲ: ಪಿ2ಎ ಕಡಿದುಕೊಂಡ ಮೇಲೂ ಅದಕ್ಕಿಂತ ಮೊದಲು ಬರುವ ಪ್ರೋಟೀನಿನ ಸಿ ತುದಿಗೆ ಸುಮಾರು ಇಪ್ಪತ್ತು ಅಮೈನೋ ಆಮ್ಲದ ಬಾಲ ಅಂಟಿಕೊಂಡೇ ಇರುತ್ತದೆ. ಜಿಎಫ್‌ಪಿಯನ್ನು ಮೊದಲು, ಜಿ6ಪಿಡಿಯನ್ನು ಆಮೇಲೆ ಇಟ್ಟರೆ ಆ ಬಾಲ ಜಿಎಫ್‌ಪಿಗೆ ಹೋಗುತ್ತದೆ. ಅದಕ್ಕೇನೂ ತೊಂದರೆಯಿಲ್ಲ.

ಬ್ಯಾಂಡ್ ಇಲ್ಲ, ಆರ್‌ಎನ್‌ಎ ಇದೆ

ಇದು ಅಪರೂಪ, ಬೇಗ ಮುಗಿಯುತ್ತದೆ. ಟ್ಯಾಗ್ ಮತ್ತು ಜೀನ್ ಒಂದೇ ಫ್ರೇಮಿನಲ್ಲಿದೆಯಾ (ಮೂರು ಮೂರು ಬೇಸ್ ಓದುವ ಸಾಲು ತಪ್ಪದೆ ಇದೆಯಾ)? ಶುರುವಿನ ಎಟಿಜಿಗೆ ಮೊದಲು ಕೊಜಾಕ್ (ಪ್ರೋಟೀನ್ ಶುರುವಾಗುವ ಜಾಗ ತೋರಿಸುವ ಸಣ್ಣ ಸರಣಿ) ಇದೆಯಾ? ಟ್ಯಾಗ್ ಸಿ ತುದಿಯಲ್ಲಿದ್ದರೆ ಜೀನಿನ ಸ್ವಂತ ಸ್ಟಾಪ್ ಕೋಡಾನ್ ತೆಗೆದಿದ್ದೀರಾ? ಅದನ್ನು ಬಿಟ್ಟಿದ್ದರೆ ಪ್ರೋಟೀನ್ ಬರುತ್ತದೆ, ಟ್ಯಾಗ್ ಬರುವುದಿಲ್ಲ, ಬ್ಲಾಟ್ ಖಾಲಿ ಕಾಣುತ್ತದೆ. ಅದೇ ಜೆಲ್‌ನಲ್ಲಿ ಅದೇ ಟ್ಯಾಗ್ ಇರುವ ಬೇರೆ ಪ್ರೋಟೀನನ್ನು ಒಂದು ಲೇನಿಗೆ ಹಾಕಿದರೆ ಆಂಟಿಬಾಡಿ ಸರಿಯಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಆರ್‌ಎನ್‌ಎ ಕೂಡ ಇಲ್ಲ

ಮೊದಲು ಕ್ಯೂಪಿಸಿಆರ್ (ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ನಿಜ ಹೇಳುತ್ತಿದೆಯಾ ನೋಡಿ. ಜೀನನ್ನು ಹುಡುಕುವ ಪ್ರೈಮರ್ ಎಂಬ ಸಣ್ಣ ಡಿಎನ್‌ಎ ತುಂಡು ಸೆಲ್ಲಿನ ಸ್ವಂತ ಜಿ6ಪಿಡಿಯನ್ನೂ ಹಿಡಿಯುತ್ತಿದ್ದರೆ ಏರಿಕೆ ಮಸುಕಾಗುತ್ತದೆ. ಟ್ಯಾಗ್ ಮೇಲೆ ಒಂದು ಪ್ರೈಮರ್, ಜೀನ್ ಮೇಲೆ ಇನ್ನೊಂದು ಇರಲಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ) ಹಾಕದ ಟ್ಯೂಬ್ ಒಂದು ಕಡ್ಡಾಯ. ಸೆಲ್ಲಿನ ಡಿಎನ್‌ಎಯಲ್ಲೂ ನಿಮ್ಮ ಜೀನ್ ಇದೆ, ಅದಕ್ಕೆ ಇಂಟ್ರಾನ್ (ಆರ್‌ಎನ್‌ಎಯಲ್ಲಿ ಕತ್ತರಿಸಿಹೋಗುವ ನಡುವಿನ ತುಂಡು) ಇಲ್ಲ, ಹಾಗಾಗಿ ಡಿಎನ್‌ಎ ಬೆರೆತರೂ ಪ್ರೈಮರ್‌ಗೆ ಗೊತ್ತಾಗುವುದಿಲ್ಲ.

ಮೊದಲ ವಾರ ಚೆನ್ನಾಗಿದ್ದು ಬರಬರುತ್ತಾ ಇಳಿಯಿತಾ? ಸಿಎಂವಿ ಪ್ರಮೋಟರ್ ಇದ್ದರೆ ಅದು ಬಾಯಿ ಮುಚ್ಚಿಕೊಂಡಿರಬಹುದು. ಕೆಲವು ಸೆಲ್‌ಗಳಲ್ಲಿ ಅದರ ಮೇಲೆ ಮೀಥೈಲ್ ಗುಂಪು ಕೂತು ಮೌನವಾಗುತ್ತದೆ. ಪರೀಕ್ಷೆ ಸುಲಭ: ಒಂದು ಬಾವಿಗೆ ಕೆಲವು ಮಿಲಿಮೋಲಾರ್ ಸೋಡಿಯಂ ಬ್ಯುಟಿರೇಟ್ ಹಾಕಿ ಒಂದು ರಾತ್ರಿ ಬಿಡಿ. ಜಿ6ಪಿಡಿ ಮತ್ತೆ ಎದ್ದರೆ ಜೀನ್ ಒಳಗಿದೆ, ಮಲಗಿದೆ ಅಷ್ಟೇ. ಪ್ರಮೋಟರ್ ಬದಲಾಯಿಸುವ ಮಾತು ಈಗ ಆಡಬಹುದು. ಇಎಫ್1 ಆಲ್ಫಾ, ಪಿಜಿಕೆ ಪ್ರಮೋಟರ್‌ಗಳು ಸಾಮಾನ್ಯವಾಗಿ ಹೆಚ್ಚು ಕಾಲ ನಿಲ್ಲುತ್ತವೆ. ಪಿಜಿಕೆಯ ಜೋರು ಕಡಿಮೆ, ಆದರೆ ಸೆಲ್ಲಿನ ಸಮತೋಲ ಕೆಡಿಸದೆ ಕಿಣ್ವ ಏರಿಸಬೇಕೆಂದರೆ ನನಗೆ ಅದೇ ಇಷ್ಟ.

ಜೀನ್ ಒಳಗೇ ಹೋಗಿಲ್ಲ

ಇಲ್ಲಿ ನಮ್ಮೂರಿನ ಕಥೆ ಬರುತ್ತದೆ. ವೈರಸ್ ಎಷ್ಟೋ ಸಲ ಬೆಂಗಳೂರಿನಿಂದ ಥರ್ಮೋಕೋಲ್ ಡಬ್ಬದಲ್ಲಿ ಡ್ರೈ ಐಸ್ ಜೊತೆ ಬರುತ್ತದೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನ. ದಾರಿ ದೂರವಲ್ಲ, ಡಬ್ಬ ಕಾಯುವ ಹೊತ್ತೇ ಜಾಸ್ತಿ. ಐಸ್ ಉಳಿದಿದೆಯಾ ಎಂದು ಎಲ್ಲರೂ ನೋಡುತ್ತಾರೆ. ಯಾರೂ ನೋಡದ್ದು ಬೇರೆ. ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಟ್ಯೂಬಿನ ಮುಚ್ಚಳ ಸಡಿಲವಿದ್ದರೆ ಅದರ ಅನಿಲ ಒಳಗೆ ನುಸುಳುತ್ತದೆ, ಕರಗಿಸುವಾಗ ದ್ರವ ಹುಳಿಯಾಗುತ್ತದೆ. ಫೀನಾಲ್ ರೆಡ್ ಇರುವ ಮೀಡಿಯಾದಲ್ಲಿದ್ದ ವೈರಸ್ ಆದರೆ ಕಣ್ಣಿಗೇ ಕಾಣುತ್ತದೆ. ಗುಲಾಬಿ ಬಣ್ಣದ ಟ್ಯೂಬ್ ಕರಗಿದ ಮೇಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಲೆಂಟಿವೈರಸ್‌ಗೆ ಈ ಹುಳಿ ಒಳ್ಳೆಯದಲ್ಲ. ಡಬ್ಬ ಬಂದ ಕೂಡಲೇ ಕರಗಿಸಬೇಡಿ. ಮೈನಸ್ 80ರಲ್ಲಿ ಒಂದು ರಾತ್ರಿ ಇಟ್ಟರೆ ಸೇರಿಕೊಂಡ ಅನಿಲ ಹೊರಗೆ ಹೋಗುತ್ತದೆ. ಕಳಿಸುವವರಿಗೆ ಟ್ಯೂಬ್‌ಗಳನ್ನು ಬಿಗಿಯಾಗಿ ಮುಚ್ಚಿ, ಗಾಳಿಯಾಡದ ಚೀಲದಲ್ಲಿ ಹಾಕಲು ಹೇಳಿ.

ಮುಂಗಾರಿನಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಕಡೆ ಫ್ರೀಜರ್ ಲಾಗ್ ನೋಡಿ. ಲೆಂಟಿವೈರಸ್ ಒಮ್ಮೆ ಕರಗಿ ಹೆಪ್ಪುಗಟ್ಟಿದರೂ ಬಲ ಕಳೆದುಕೊಳ್ಳುತ್ತದೆ. ಸಣ್ಣ ಸಣ್ಣ ಟ್ಯೂಬಿನಲ್ಲಿ ಹಂಚಿಟ್ಟು, ಉಳಿದದ್ದನ್ನು ಮತ್ತೆ ಒಳಗಿಡದಿರುವುದೇ ಮೇಲು.

ಟೈಟರ್ (ಇಷ್ಟು ದ್ರವದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ) ಕಾಗದದಲ್ಲಿ ಚೆನ್ನಾಗಿದೆ ಅಂತೀರಾ? ಯಾವ ಟೈಟರ್? ಪಿ24 ಎಲೈಸಾ ಪರೀಕ್ಷೆ ಎಣಿಸುವುದು ವೈರಸ್ ಕಣದ ಪಿ24 ಎಂಬ ಪ್ರೋಟೀನನ್ನು. ಸತ್ತ ಕಣ, ಖಾಲಿ ಕಣ, ತೇಲುವ ಪ್ರೋಟೀನ್ ಎಲ್ಲವೂ ಅದರ ಲೆಕ್ಕಕ್ಕೆ ಸೇರುತ್ತವೆ. ಸೆಲ್ಲಿಗೆ ಹೋಗಿ ಕೆಲಸ ಮಾಡುವುದು ನೂರಕ್ಕೋ ಸಾವಿರಕ್ಕೋ ಒಂದು. ಕರಗಿ ಹಾಳಾದ ವೈರಸ್ ಕೂಡ ಪಿ24ನಲ್ಲಿ ಘನವಾಗಿಯೇ ಕಾಣುತ್ತದೆ. ನಿಮ್ಮದೇ ಸೆಲ್ಲಿಗೆ ತೆಳು ಮಾಡುತ್ತಾ ಹಾಕಿ ಎಷ್ಟು ಸೆಲ್ ಹಿಡಿದವು ಎಂದು ಎಣಿಸಿದ ಸಂಖ್ಯೆಯೇ ನಂಬಲು ಯೋಗ್ಯ. ವೈರಸ್ ತಯಾರಿಗೆ ಬಳಸುವ 293ಟಿ ಸೆಲ್ಲಿನಲ್ಲಿ ಬಂದ ಟೈಟರ್ ಲಿವರಿನ ಹೆಪ್‌ಜಿ2ಗೆ ಅನ್ವಯಿಸುವುದಿಲ್ಲ.

ಎಂಒಐ (ಸೆಲ್ ಒಂದಕ್ಕೆ ಸರಾಸರಿ ಎಷ್ಟು ವೈರಸ್ ಎಂಬುದು) ಲೆಕ್ಕವೂ ದಾರಿ ತಪ್ಪಿಸುತ್ತದೆ. ಎಂಒಐ 1 ಅಂದರೆ ಎಲ್ಲ ಸೆಲ್ಲಿಗೂ ಒಂದೊಂದು ಎಂದಲ್ಲ. ಸುಮಾರು 63 ಶೇಕಡಾ ಸೆಲ್‌ಗಳಿಗೆ ವೈರಸ್ ಸಿಗುತ್ತದೆ, ಉಳಿದವಕ್ಕೆ ಏನೂ ಇಲ್ಲ. 0.3ಕ್ಕೆ ಇಳಿಸಿದರೆ ಸಿಗುವುದು 26 ಶೇಕಡಾ. ವೈರಸ್ ಹೋಗದ ಸೆಲ್ಲನ್ನು ಔಷಧಿಯಿಂದ ಕೊಂದು ಆಯ್ಕೆ ಮಾಡದೆ ಇಡೀ ಪ್ಲೇಟನ್ನು ಲೈಸೇಟ್ ಮಾಡಿದರೆ, ಖಾಲಿ ಸೆಲ್‌ಗಳು ನಿಮ್ಮ ಕಿಣ್ವದ ಏರಿಕೆಯನ್ನು ನುಂಗಿಹಾಕುತ್ತವೆ.

ಆಯ್ಕೆಯಲ್ಲೂ ಒಂದು ಹಳೆಯ ಗುಂಡಿ ಇದೆ. 293ಟಿ ಸೆಲ್ಲಿನೊಳಗೆ ನಿಯೋಮೈಸಿನ್ ತಡೆಯುವ ಜೀನ್ ಮೊದಲೇ ಇದೆ. ಅದಕ್ಕೆ ಜಿ418 (ನಿಯೋಮೈಸಿನ್ ಬಳಗದ ಔಷಧಿ) ಹಾಕಿದರೆ ವೈರಸ್ ಹೋದದ್ದೂ ಬದುಕುತ್ತದೆ, ಹೋಗದ್ದೂ ಬದುಕುತ್ತದೆ. ನಿಮಗೆ ಸಂತೋಷ, ಫಲಿತಾಂಶಕ್ಕೆ ಸೊನ್ನೆ. ಪ್ಯೂರೋಮೈಸಿನ್ ಬಳಸಿ, ಮೊದಲು ವೈರಸ್ ಇಲ್ಲದ ಸೆಲ್ ಎಷ್ಟಕ್ಕೆ ಸಾಯುತ್ತದೆ ಎಂದು ನೋಡಿಕೊಳ್ಳಿ.

ವೈರಸ್ ಸೆಲ್ಲಿಗೆ ಅಂಟಲು ನೆರವಾಗುವ ಪಾಲಿಬ್ರೀನ್ ಸಾಮಾನ್ಯವಾಗಿ ಮಿಲಿಲೀಟರಿಗೆ 4ರಿಂದ 8 ಮೈಕ್ರೋಗ್ರಾಂ. ಅದನ್ನು ತಾಳಲಾರದ ಸೆಲ್‌ಗಳಿಗೆ ಪ್ರೋಟಮೀನ್ ಸಲ್ಫೇಟ್. ಇನ್ನು ಮೈಕೋಪ್ಲಾಸ್ಮಾ (ಕಲ್ಚರಿಗೆ ಕಣ್ಣಿಗೆ ಕಾಣದಂತೆ ಸೇರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸದೆ ಈ ಪಟ್ಟಿಯ ಯಾವುದನ್ನೂ ನಂಬಬೇಡಿ.

ಖಾಲಿ ವೆಕ್ಟರ್ ಚೆನ್ನ, ಜೀನ್ ಇರುವುದು ಮಾತ್ರ ಟೈಟರ್ ಕೊಡುವುದಿಲ್ಲ

ಈ ಗುರುತು ಕಂಡರೆ ಪ್ಯಾಕೇಜಿಂಗ್ ಮೇಲೆ ಅನುಮಾನ ಬೇಡ, ಒಳಗಿನ ತುಂಡನ್ನು ನೋಡಿ. ಜೀನನ್ನು ಬೇರೆ ಪ್ಲಾಸ್ಮಿಡ್‌ನಿಂದ ಕತ್ತರಿಸಿ ತಂದಾಗ ಅದರ ಬೆನ್ನಿಗಿದ್ದ ಪಾಲಿಎ ಸಿಗ್ನಲ್ (ಆರ್‌ಎನ್‌ಎಯನ್ನು ಇಲ್ಲಿ ಕಡಿ ಎನ್ನುವ ಗುರುತು) ಕೂಡ ಬಂದಿರಬಹುದು. ಪ್ಲಾಸ್ಮಿಡ್ಡನ್ನೇ ಸೆಲ್ಲಿಗೆ ಹಾಕಿದರೆ ಅದರಿಂದ ಕಿಣ್ವ ಚೆನ್ನಾಗಿ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ವೈರಸ್‌ಗೆ ಬೇಕಾದ ಉದ್ದದ ಆರ್‌ಎನ್‌ಎ ಆ ಸಿಗ್ನಲ್ ಹತ್ತಿರ ಅರ್ಧಕ್ಕೇ ಕಡಿದುಹೋಗುತ್ತದೆ. ಪೂರ್ತಿ ಜೀನೋಮ್ ಇಲ್ಲದೆ ವೈರಸ್ ಏನು ತುಂಬಿಕೊಳ್ಳಬೇಕು? ಪಾಲಿಎ ತೆಗೆದರೆ ಟೈಟರ್ ತಾನಾಗಿ ಏರುತ್ತದೆ.

ಪ್ಲಾಸ್ಮಿಡ್ ಬೆಳೆಸುವಾಗ ವೈರಸ್ ಭಾಗದ ಎರಡು ತುದಿಯಲ್ಲಿರುವ ಎಲ್‌ಟಿಆರ್ ಎಂಬ ಒಂದೇ ಥರದ ತುಂಡುಗಳು ಬ್ಯಾಕ್ಟೀರಿಯಾದೊಳಗೇ ಒಂದಕ್ಕೊಂದು ಕೂಡಿ ನಡುವಿನದ್ದನ್ನು ಉದುರಿಸುವುದೂ ಉಂಟು. ಅಂಥದ್ದಕ್ಕೆಂದೇ ಇರುವ ತಳಿಯಲ್ಲಿ, 30 ಡಿಗ್ರಿಯಲ್ಲಿ ಬೆಳೆಸಿ. ಪ್ರತಿ ಪ್ರೆಪ್ ಅನ್ನೂ ಒಮ್ಮೆ ಕತ್ತರಿಸಿ ಜೆಲ್ ಮೇಲೆ ನೋಡಿ.

ಬೇರೆ ಕಿಣ್ವ ಹಾಕುವವರಿಗೆ

ಮೇಲಿನದ್ದೆಲ್ಲ ಹಾಗೇ ನಡೆಯುತ್ತದೆ, ಕೊನೆಯ ಮೆಟ್ಟಿಲು ಮಾತ್ರ ಬೇರೆ. ಓಟಿಸಿ (ಆರ್ನಿಥೀನ್ ಟ್ರಾನ್ಸ್‌ಕಾರ್ಬಮೈಲೇಸ್) ಎಂಬ ಕಿಣ್ವ ಕೆಲಸ ಮಾಡುವುದು ಮೈಟೋಕಾಂಡ್ರಿಯಾದೊಳಗೆ. ಅದರ ಎನ್ ತುದಿಯ 32 ಅಮೈನೋ ಆಮ್ಲ ಒಳಗೆ ಹೋಗಲು ಇರುವ ವಿಳಾಸ ಚೀಟಿ, ಹೋದ ಮೇಲೆ ಕಳಚಿ ಬೀಳುತ್ತದೆ. ಜಿ6ಪಿಡಿಗೆ ಹೇಳಿದ ಹಾಗೆ ಟ್ಯಾಗನ್ನು ಎನ್ ತುದಿಗೆ ಹಾಕಿದರೆ ಇಲ್ಲಿ ಕೆಡುತ್ತದೆ. ವಿಳಾಸ ಮುಚ್ಚಿಹೋಗಬಹುದು, ಇಲ್ಲವೇ ಟ್ಯಾಗ್ ಕಳಚಿ ಬ್ಲಾಟ್ ಖಾಲಿಯಾಗಬಹುದು. ಪಿಎಎಚ್‌ಗೆ (ಫಿನೈಲಾಲನಿನ್ ಹೈಡ್ರಾಕ್ಸಿಲೇಸ್) ಟೆಟ್ರಾಹೈಡ್ರೋಬಯೋಪ್ಟೆರಿನ್ ಎಂಬ ಸಹಾಯಕ ಅಣು ಬೇಕು, ಕಬ್ಬಿಣ ಬೇಕು. ಸಿಬಿಎಸ್‌ಗೆ (ಸಿಸ್ಟಾಥಯೋನಿನ್ ಬೀಟಾ-ಸಿಂಥೇಸ್) ಬಿ6 ವಿಟಮಿನ್ನಿನ ರೂಪ ಬೇಕು. ಸೆಲ್ಲಿನಲ್ಲಿ ಇವು ಇಲ್ಲದಿದ್ದರೆ ಕಿಣ್ವ ರಾಶಿ ರಾಶಿ ಬಂದರೂ ಸುಮ್ನೆ ಕೂತಿರುತ್ತದೆ.

ಲೈಸೇಟ್‌ನಲ್ಲಿ ಏರಿದೆ, ಸೆಲ್ಲಿನಲ್ಲಿ ಏನೂ ಬದಲಾಗಿಲ್ಲ

ಇದನ್ನು ದೋಷ ಎಂದು ಕರೆಯಲು ನನಗೆ ಮನಸ್ಸಿಲ್ಲ. ಜಿ6ಪಿಡಿಯನ್ನು ಎನ್‌ಎಡಿಪಿಎಚ್ ತಾನೇ ತಡೆಯುತ್ತದೆ. ಆರಾಮಾಗಿರುವ ಸೆಲ್ಲಿನಲ್ಲಿ ಎನ್‌ಎಡಿಪಿಎಚ್ ತುಂಬಿರುತ್ತದೆ. ಕಿಣ್ವವನ್ನು ನಾಲ್ಕು ಪಟ್ಟು ಮಾಡಿದರೂ ಅದಕ್ಕೆ ಕೆಲಸ ಸಿಗುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್‌ನಂಥ ಒತ್ತಡ ಕೊಟ್ಟು ನೋಡಿ. ಎನ್‌ಎಡಿಪಿಎಚ್ ಖರ್ಚಾಗತೊಡಗಿದಾಗ ಜಿ6ಪಿಡಿ ಜಾಸ್ತಿ ಇರುವ ಸೆಲ್ ಮತ್ತು ಖಾಲಿ ವೆಕ್ಟರ್ ಸೆಲ್ ನಡುವೆ ವ್ಯತ್ಯಾಸ ಕಾಣಬಹುದು.

ಆ ಪ್ರಯೋಗಕ್ಕೆ ಖಾಲಿ ವೆಕ್ಟರ್ ಒಂದೇ ಸಾಲದು. 205ನೇ ಲೈಸಿನ್ ಬದಲಾಯಿಸಿದ, ಕೆಲಸ ಮಾಡದ ಜಿ6ಪಿಡಿಯನ್ನು ಅದೇ ವೆಕ್ಟರ್‌ನಲ್ಲಿ ಹಾಕಿ ಪಕ್ಕದಲ್ಲಿ ಓಡಿಸಿ. ಅದರ ಬ್ಯಾಂಡ್ ನಿಮ್ಮದಕ್ಕೆ ಸಮ ಇರಬೇಕು, 340ರಲ್ಲಿ ಸೆಲ್ಲಿನ ಸ್ವಂತದ್ದಕ್ಕಿಂತ ಏರಬಾರದು. ಸರಿಯಾದ ಜಿ6ಪಿಡಿ ಇರುವ ಸೆಲ್ಲೂ, ಕೆಲಸ ಮಾಡದ್ದು ಇರುವ ಸೆಲ್ಲೂ ಪೆರಾಕ್ಸೈಡನ್ನು ಒಂದೇ ಥರ ತಡೆದುಕೊಂಡರೆ, ನೀವು ನೋಡುತ್ತಿರುವುದು ಕಿಣ್ವದ ಪರಿಣಾಮವಲ್ಲ, ವೈರಸ್‌ನದ್ದೋ ಪ್ಯೂರೋಮೈಸಿನ್‌ನದ್ದೋ ಆಗಿರುತ್ತದೆ.